ಮೀಟರ್‌ನಿಂದ ಮೆಗಾಹರ್ಟ್ಸ್‌ಗೆ: ಹಳೆಯ ರೇಡಿಯೊ ಡಯಲ್ ಓದುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಅಜ್ಜ ನಿವೃತ್ತರಾದ ಮೇಲೆ ದಿನಾ ಬೆಳಿಗ್ಗೆ ರೇಡಿಯೊ ಮುಂದೆ ಕೂತು, ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಒಂದು ಪುಟದಲ್ಲಿ ಹೀಗಿದೆ: ‘25.2 ಮೀ. ಬೆಳಿಗ್ಗೆ. ಹಿಂದಿ ಹಾಡು. ಸ್ಪಷ್ಟ.’ ಸ್ಟೇಷನ್ನಿನ ಹೆಸರು ಬರೆದಿಲ್ಲ. ಅವರಿಗೆ ಗೊತ್ತಿತ್ತು, ಬರೆಯುವ ಅಗತ್ಯ ಕಾಣಲಿಲ್ಲ. ನನ್ನ ಕೈಯಲ್ಲಿರುವ ಡಿಜಿಟಲ್ ರಿಸೀವರಿಗೆ ಮೀಟರ್ ಲೆಕ್ಕ ತಿಳಿಯದು, ಅದಕ್ಕೆ ಕಿಲೋಹರ್ಟ್ಸ್‌ನಲ್ಲೇ ಹೇಳಬೇಕು. ಅಜ್ಜನ ಆ ಒಂದು ಸಾಲನ್ನು ಇಂದಿನ ಭಾಷೆಗೆ ತರಲು ಹೋಗಿ ನಾನು ಕಲಿತದ್ದು ಇಲ್ಲಿದೆ. ಲೆಕ್ಕ ಒಂದೇ ಒಂದು ಭಾಗಾಕಾರ, ಏಳನೇ ತರಗತಿಯ ಮಗು ಮಾಡಬಲ್ಲದು. ಎಡವುವುದು ಭಾಗಿಸುವ ಮುಂಚೆ ಮತ್ತು ಭಾಗಿಸಿದ ಮೇಲೆ. ಹಾಗಾಗಿ ಈ ಬರಹದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ

ಕನ್ನಡದಲ್ಲಿ ಇಲ್ಲೊಂದು ಗೋಜಲಿದೆ. ‘ತರಂಗಾಂತರ’ ಎಂದರೆ ಅಕ್ಷರಶಃ ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಅಂತರ, ಅಂದರೆ ಉದ್ದ. ಆದರೆ ಪತ್ರಿಕೆಗಳಲ್ಲಿ ‘ತರಂಗಾಂತರ ಹರಾಜು’ ಎಂದು ಬರುವಾಗ ಮಾರಾಟವಾಗುತ್ತಿರುವುದು ಮೊಬೈಲ್ ಕಂಪನಿಗಳ ಮೆಗಾಹರ್ಟ್ಸ್‌ಗಳು. ಎಫ್‌ಎಂ ಕೇಂದ್ರದ ಮೆಗಾಹರ್ಟ್ಸ್ ಹೇಳಿ ಕೊನೆಗೆ ‘ತರಂಗಾಂತರದಲ್ಲಿ’ ಎಂದು ಸೇರಿಸುವವರೂ ಇದ್ದಾರೆ. ಒಂದೇ ಪದ ಎರಡು ಕೆಲಸ ಮಾಡುತ್ತಿರುವಾಗ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಮಾತು ಆಡುವುದು ಕಷ್ಟ. ಅದಕ್ಕೇ ಇಲ್ಲಿ ಆ ಪದವನ್ನು ಪಕ್ಕಕ್ಕಿಟ್ಟಿದ್ದೇನೆ. ಅಲೆಯ ಉದ್ದಕ್ಕೆ ಪಠ್ಯಪುಸ್ತಕದ ‘ತರಂಗದೂರ’, ಮೀಟರಿನಲ್ಲಿ. ಸೆಕೆಂಡಿಗೆ ಎಷ್ಟು ಅಲೆ ಎಂಬುದಕ್ಕೆ ರೇಡಿಯೊ ಮಂದಿಯ ‘ಕಂಪನಾಂಕ’, ಹರ್ಟ್ಸ್‌ನಲ್ಲಿ. ಶಾಲೆಯಲ್ಲಿ ಇದನ್ನೇ ‘ಆವೃತ್ತಿ’ ಎಂದು ಕಲಿತಿರುತ್ತೀರಿ.

ಆಕಾಶವಾಣಿಯ ಉದ್ಘೋಷಕರು ಬೆಳಗಿನ ಪ್ರಸಾರ ಶುರುಮಾಡುವಾಗ ಇಷ್ಟು ಮೀಟರ್, ‘ಅಂದರೆ’ ಇಷ್ಟು ಕಿಲೋಹರ್ಟ್ಸ್ ಎಂದು ಎರಡನ್ನೂ ಹೇಳುವ ವಾಡಿಕೆಯಿತ್ತು. ಈ ಬರಹವೆಲ್ಲ ಆ ‘ಅಂದರೆ’ಯ ವಿವರಣೆ.

300 ಎಲ್ಲಿಂದ ಬಂತು

ಅರಸೀಕೆರೆಯಂಥ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೀರಿ, ಒಂದು ರೈಲು ನಿಲ್ಲದೆ ಸಾಗಿಹೋಗುತ್ತಿದೆ ಎಂದುಕೊಳ್ಳಿ. ಪ್ರತಿ ಬೋಗಿಯೂ 22 ಮೀಟರ್, ರೈಲಿನ ವೇಗ ಸೆಕೆಂಡಿಗೆ 22 ಮೀಟರ್. ಆಗ ನಿಮ್ಮ ಮುಂದೆ ಸೆಕೆಂಡಿಗೆ ಒಂದು ಬೋಗಿ ಹಾದುಹೋಗುತ್ತದೆ. ಅದೇ ವೇಗದಲ್ಲಿ 11 ಮೀಟರಿನ ಗೂಡ್ಸ್ ವ್ಯಾಗನ್ನುಗಳು ಬಂದರೆ ಸೆಕೆಂಡಿಗೆ ಎರಡು. ವೇಗ ಬದಲಾಗದಿದ್ದರೆ, ಉದ್ದ ಅರ್ಧವಾದಷ್ಟೂ ಎಣಿಕೆ ದುಪ್ಪಟ್ಟು.

ರೇಡಿಯೊ ಅಲೆಯ ವೇಗ ಬೆಳಕಿನ ವೇಗವೇ: ಸೆಕೆಂಡಿಗೆ 29,97,92,458 ಮೀಟರ್. ಇದು ಅಂದಾಜಲ್ಲ. 1983ರಲ್ಲಿ ಮೀಟರನ್ನೇ ಈ ಸಂಖ್ಯೆಯ ಮೇಲೆ ವ್ಯಾಖ್ಯಾನಿಸಿದ್ದರಿಂದ ಇದು ನಿಖರ. ದಿನಬಳಕೆಗೆ ಇದನ್ನು 30 ಕೋಟಿ ಎಂದುಕೊಳ್ಳುತ್ತೇವೆ. ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಅಲೆ. 30 ಕೋಟಿಯನ್ನು ಹತ್ತು ಲಕ್ಷದಿಂದ ಭಾಗಿಸಿದರೆ ಸಿಗುವುದೇ ನಮ್ಮ 300.

ಮೆಗಾಹರ್ಟ್ಸ್ = 300 ÷ ಮೀಟರ್
ಕಿಲೋಹರ್ಟ್ಸ್ = 3,00,000 ÷ ಮೀಟರ್
ಗಿಗಾಹರ್ಟ್ಸ್ = 30 ÷ ಸೆಂಟಿಮೀಟರ್

ಮೂರೂ ಒಂದೇ ಸೂತ್ರ, ಸೊನ್ನೆಗಳ ಜಾಗವಷ್ಟೇ ಬೇರೆ. ತಲೆಕೆಳಗು ಮಾಡಿದರೂ ನಡೆಯುತ್ತದೆ: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್.

ಕೈ ಪಳಗಲು ಒಂದು ಸುಲಭದ ಲೆಕ್ಕ. ಟೈಟಾನಿಕ್ ಕಾಲದ ಹಡಗುಗಳು ಬಳಸುತ್ತಿದ್ದ ಪ್ರಮುಖ ವೈರ್‌ಲೆಸ್ ತರಂಗದೂರ 600 ಮೀಟರ್. 3,00,000 ÷ 600 = 500 ಕಿಲೋಹರ್ಟ್ಸ್. ಆಮೇಲೆ ದಶಕಗಳ ಕಾಲ ಸಮುದ್ರದ ಆಪತ್ಕರೆಗೆ ಮೀಸಲಾಗಿದ್ದುದು ಇದೇ 500. ಇನ್ನು ಸಣ್ಣ ಅಲೆ ಬೇಕೆಂದರೆ, ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಕಲ್ಕತ್ತದಲ್ಲಿ ಪ್ರಯೋಗಕ್ಕೆ ಬಳಸಿದ 5 ಮಿಲಿಮೀಟರ್ ಅಲೆಗಳು. 5 ಮಿಲಿಮೀಟರ್ ಎಂದರೆ 0.5 ಸೆಂಟಿಮೀಟರ್, 30 ÷ 0.5 = 60 ಗಿಗಾಹರ್ಟ್ಸ್.

ಹೆಜ್ಜೆ 1: ಡಯಲ್ ಮೇಲಿರುವುದು ಏನೆಂದು ಖಚಿತಮಾಡಿಕೊಳ್ಳಿ

ತಪ್ಪು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಹಳೆಯ ವಾಲ್ವ್ ರೇಡಿಯೊದ ಗಾಜಿನ ಮೇಲೆ ಮೂರು ಬಗೆಯ ಅಂಕಿಗಳಿರಬಹುದು.

ಮಧ್ಯಮ ತರಂಗದ (ಮೀಡಿಯಂ ವೇವ್) ಪಟ್ಟಿಯಲ್ಲಿ 200, 250, 300ರಿಂದ 550ರವರೆಗೆ ಅಂಕಿಗಳಿದ್ದು, ಜೊತೆಗೆ ‘ಮೀಟರ್’ ಎಂದಿದ್ದರೆ ಅದು ತರಂಗದೂರ. 550, 600, 700ರಿಂದ 1600ರವರೆಗೆ ಇದ್ದರೆ ಅದು ಕಂಪನಾಂಕ. ‘ಕಿಲೋಸೈಕಲ್’ ಎಂದು ಬರೆದಿರಬಹುದು; ಒಂದು ಕಿಲೋಸೈಕಲ್ ಎಂದರೆ ಒಂದು ಕಿಲೋಹರ್ಟ್ಸೇ, ಹೆಸರು ಬದಲಾಗಿದೆ ಅಷ್ಟೆ. ಮೂರನೆಯದೇ ತಂಟೆಯದು: 55, 60, 70, 80, 100, 120, 160. ಇದನ್ನು ಮೀಟರ್ ಎಂದು ಓದಿದವರನ್ನು ನಾನು ನೋಡಿದ್ದೇನೆ. ಅದು ಕೊನೆಯ ಸೊನ್ನೆ ಬಿಟ್ಟ ಕಿಲೋಹರ್ಟ್ಸ್. 60 ಎಂದರೆ 600, 160 ಎಂದರೆ 1600.

ಯಾವುದೆಂದು ಗೊತ್ತಾಗದಿದ್ದರೆ ಅಂಕಿಗಳ ಅಂತರ ನೋಡುವುದಕ್ಕಿಂತ ದಿಕ್ಕು ನೋಡಿ. ಒಂದೇ ಗಾಜಿನ ಮೇಲೆ ಎರಡು ಪಟ್ಟಿಗಳಿದ್ದು, ಎಡದಿಂದ ಬಲಕ್ಕೆ ಒಂದು ಏರುತ್ತ ಇನ್ನೊಂದು ಇಳಿಯುತ್ತಿದ್ದರೆ, ಒಂದು ಮೀಟರ್, ಇನ್ನೊಂದು ಹರ್ಟ್ಸ್. ರೈಲಿನ ಬೋಗಿ ನೆನಪಿಸಿಕೊಳ್ಳಿ: ಉದ್ದ ಏರಿದರೆ ಎಣಿಕೆ ಇಳಿಯಲೇಬೇಕು.

ಹೆಜ್ಜೆ 2: ಭಾಗಿಸಿ

ಮುಳ್ಳು 390 ಮೀಟರಿನ ಬಳಿ ನಿಂತಿದೆ ಎನ್ನಿ. 3,00,000 ÷ 390 = 769.2 ಕಿಲೋಹರ್ಟ್ಸ್.

ಈ ಹೆಜ್ಜೆಯಲ್ಲಿ ಹೇಳಲು ಇನ್ನೇನೂ ಇಲ್ಲ.

ಹೆಜ್ಜೆ 3: ಉತ್ತರವನ್ನು ಅದರ ಮನೆಗೆ ತಲುಪಿಸಿ

769.2 ಕಿಲೋಹರ್ಟ್ಸ್‌ನಲ್ಲಿ ಯಾವ ಕೇಂದ್ರವೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಮಧ್ಯಮ ತರಂಗದ ಕೇಂದ್ರಗಳು ತಮಗೆ ತೋಚಿದ ಜಾಗದಲ್ಲಿ ಕೂರುವುದಿಲ್ಲ. ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ 1978ರ ನವೆಂಬರಿನಿಂದ 531ರಿಂದ ಶುರುವಾಗಿ 9 ಕಿಲೋಹರ್ಟ್ಸ್‌ಗೆ ಒಂದರಂತೆ ಜಾಗ ಹಂಚಿದ್ದಾರೆ. ಆ ಜಾಗಗಳೆಲ್ಲವೂ 9ರ ಗುಣಕಗಳು.

ನಮ್ಮ ರಾಜ್ಯದ ಮಧ್ಯಮ ತರಂಗದ ಪರಿಚಿತ ಅಂಕಿಗಳನ್ನು ತೆಗೆದುಕೊಳ್ಳಿ. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಉಪಾಯ ನೆನಪಿದೆಯಲ್ಲ, ಅಂಕಿಗಳನ್ನು ಕೂಡಿಸಿ 9 ಬರುತ್ತದೆಯೇ ನೋಡುವುದು? 6+1+2 ಒಂಬತ್ತು. 6+7+5 ಹದಿನೆಂಟು, 1+8 ಮತ್ತೆ ಒಂಬತ್ತು. ಐದೂ ಕೇಂದ್ರಗಳು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಮೊದಲ ಸಲ ಇದನ್ನು ಕಾಗದದ ಮೇಲೆ ಕೂಡಿಸಿ ನೋಡಿದಾಗ ನನಗಾದ ಖುಷಿ ಇನ್ನೂ ನೆನಪಿದೆ. ಅಷ್ಟು ವರ್ಷ ಕೇಳಿದ್ದ ಅಂಕಿಗಳ ಹಿಂದೆ ಒಂದು ಕ್ರಮವಿತ್ತು!

ಹಾಗಾದರೆ 769.2ರ ಅಕ್ಕಪಕ್ಕದ ಮನೆಗಳು ಯಾವುವು? 9×85 = 765, 9×86 = 774. ಒಂದಕ್ಕೆ 4.2 ದೂರ, ಇನ್ನೊಂದಕ್ಕೆ 4.8. ಲೆಕ್ಕದ ಮಟ್ಟಿಗೆ ಇಬ್ಬರೂ ಹೆಚ್ಚುಕಡಿಮೆ ಸಮಾನ ಹಕ್ಕುದಾರರು. ಇಲ್ಲಿ ಕಿವಿಯೇ ತೀರ್ಪು ಕೊಡಬೇಕು. ಹುಬ್ಬಳ್ಳಿ ಕಡೆಯ ಮನೆಯೊಂದರಲ್ಲಿ, ಹಗಲು ಹೊತ್ತಿನಲ್ಲಿ, ಕನ್ನಡ ಕೇಳಿದ್ದರೆ ಅದು ಧಾರವಾಡದ 765. ರಾತ್ರಿಯಾದರೆ ಇಷ್ಟು ಧೈರ್ಯವಾಗಿ ಹೇಳಲಾಗದು. ಮಧ್ಯಮ ತರಂಗ ಇರುಳಿನಲ್ಲಿ ವಾತಾವರಣದ ಮೇಲಿನ ವಿದ್ಯುದಾವಿಷ್ಟ ಪದರವಾದ ಅಯಾನುಗೋಳದಿಂದ ಹಿಂತಿರುಗಿ ದೂರದ ಊರುಗಳ ದನಿಯನ್ನೂ ಹೊತ್ತು ತರುತ್ತದೆ.

ಹ್ರಸ್ವ ತರಂಗದಲ್ಲಿ (ಶಾರ್ಟ್ ವೇವ್) ಮನೆಗಳು 5 ಕಿಲೋಹರ್ಟ್ಸ್‌ಗೆ ಒಂದು, ಕೊನೆಯ ಅಂಕಿ 0 ಅಥವಾ 5. ನಮ್ಮ ಎಫ್‌ಎಂ ಕೇಂದ್ರಗಳು ಒಂದು ದಶಮಾಂಶದಲ್ಲೇ ಮುಗಿಯುತ್ತವೆ: ಮೈಸೂರಿನ 100.6, ಬೆಂಗಳೂರು ವಿವಿಧ ಭಾರತಿಯ 102.9. 1978ಕ್ಕಿಂತ ಹಿಂದಿನ ದಾಖಲೆ ಕೈಯಲ್ಲಿದ್ದರೆ ಮಾತ್ರ 9ರ ಲೆಕ್ಕವನ್ನು ಅದರ ಮೇಲೆ ಹೇರಬೇಡಿ. ಆಗಿನ ಹಂಚಿಕೆಯೇ ಬೇರೆ.

ಹೆಜ್ಜೆ 4: 300 ಸಾಕೇ, 299.792 ಬೇಕೇ

ಎರಡರ ನಡುವಿನ ವ್ಯತ್ಯಾಸ ಶೇಕಡಾ 0.07. ಸಣ್ಣದು ಎನಿಸುತ್ತದೆ. ಬೆಂಗಳೂರಿನ 612ರಲ್ಲಿ ಇದು ಅರ್ಧ ಕಿಲೋಹರ್ಟ್ಸೂ ಆಗದು, ನಿರಾತಂಕವಾಗಿ 300 ಬಳಸಿ. ಹ್ರಸ್ವ ತರಂಗಕ್ಕೆ ಬಂದರೆ ಕಥೆ ಬೇರೆ.

ವಿವಿಧ ಭಾರತಿ ಬೆಂಗಳೂರಿನ ಹ್ರಸ್ವ ತರಂಗ ಟ್ರಾನ್ಸ್‌ಮಿಟರಿನಿಂದ ಹಲವು ವರ್ಷ 9870 ಕಿಲೋಹರ್ಟ್ಸ್‌ನಲ್ಲಿ ಕೇಳಿಬರುತ್ತಿತ್ತು. ಅದರ ತರಂಗದೂರ 30.37 ಮೀಟರ್. ಈಗ 30.37 ಮಾತ್ರ ಗೊತ್ತಿದೆ, ಕಂಪನಾಂಕ ಗೊತ್ತಿಲ್ಲ ಎಂದುಕೊಂಡು ಹಿಂದಕ್ಕೆ ಹೋಗಿ.

300 ÷ 30.37 = 9.8782 ಮೆಗಾಹರ್ಟ್ಸ್, ಅಂದರೆ 9878.2 ಕಿಲೋಹರ್ಟ್ಸ್. ಹತ್ತಿರದ ಮನೆ 9880. ತಪ್ಪು!
299.792 ÷ 30.37 = 9.8713, ಅಂದರೆ 9871.3. ಹತ್ತಿರದ ಮನೆ 9870. ಸರಿ.

ಶೇಕಡಾ 0.07ರ ಉದಾಸೀನ ನಿಮ್ಮನ್ನು ಎರಡು ಮನೆ ಆಚೆ ಕಳಿಸಿತು. ಆದ್ದರಿಂದ ನಾನು ಪಾಲಿಸುವ ಕಟ್ಟಳೆ ಇದು: ಮೀಟರಿನ ಅಂಕಿ ದಶಮಾಂಶದ ಎರಡು ಸ್ಥಾನದವರೆಗೆ ಕೊಟ್ಟಿದ್ದರೆ 299.792, ಬರೀ ಪೂರ್ಣಾಂಕ ಅಥವಾ ಒಂದು ಸ್ಥಾನವಿದ್ದರೆ 300. ನಯವಾದ ಸಂಖ್ಯೆಯನ್ನು ಒರಟು ಅಂಕಿಯಿಂದ ಭಾಗಿಸಿ ಆರು ದಶಮಾಂಶ ಬರೆದುಕೊಂಡರೆ ನಿಖರತೆ ಹುಟ್ಟುವುದಿಲ್ಲ. ಒಂದು ಎಚ್ಚರಿಕೆ: ಹಳೆಯ ಪಟ್ಟಿಗಳಲ್ಲಿ ಮೀಟರನ್ನು ಕಿಲೋಹರ್ಟ್ಸ್‌ನಿಂದ 3,00,000 ಹಿಡಿದೇ ಲೆಕ್ಕ ಹಾಕಿರಬಹುದು. 612ಕ್ಕೆ 490.2 ಎಂದಿದ್ದರೆ ಅದು 3,00,000ದ ಲೆಕ್ಕ. ನಿಜವಾದ ವೇಗದಿಂದ ಬರುವುದು 489.9. ಪಟ್ಟಿಯಲ್ಲಿ ಗೊತ್ತಿರುವ ಒಂದು ಕೇಂದ್ರವನ್ನು ಹೀಗೆ ಪರೀಕ್ಷಿಸಿ, ಬರೆದವರು ಬಳಸಿದ ಸಂಖ್ಯೆಯನ್ನೇ ನೀವೂ ಬಳಸಿ.

ಹೆಜ್ಜೆ 5: ಬ್ಯಾಂಡ್ ಹೆಸರನ್ನು ಭಾಗಿಸಬೇಡಿ

‘31 ಮೀಟರ್ ಬ್ಯಾಂಡ್’, ‘16 ಮೀಟರ್ ಬ್ಯಾಂಡ್’ ಎನ್ನುವುದು ಬಡಾವಣೆಯ ಹೆಸರು, ಮನೆಯ ನಂಬರ್ ಅಲ್ಲ. ಹದಿಮೂರನೇ ಕ್ರಾಸಿನಲ್ಲಿ ಹದಿಮೂರೇ ಮನೆ ಇರಬೇಕೆಂದು ಯಾರೂ ಹೇಳುವುದಿಲ್ಲವಲ್ಲ. ಪ್ರಸಾರಕ್ಕೆ ಮೀಸಲಾದ ಕೆಲವು ಬ್ಯಾಂಡುಗಳ ಎಲ್ಲೆಗಳು, ಕಿಲೋಹರ್ಟ್ಸ್‌ನಲ್ಲಿ:

49 ಮೀಟರ್: 5900ರಿಂದ 6200
41 ಮೀಟರ್: 7200ರಿಂದ 7450
31 ಮೀಟರ್: 9400ರಿಂದ 9900
25 ಮೀಟರ್: 11600ರಿಂದ 12100
19 ಮೀಟರ್: 15100ರಿಂದ 15800
16 ಮೀಟರ್: 17480ರಿಂದ 17900
13 ಮೀಟರ್: 21450ರಿಂದ 21850

ಈಗ 300ನ್ನು 16ರಿಂದ ಭಾಗಿಸಿ. 18.75 ಮೆಗಾಹರ್ಟ್ಸ್, ಬ್ಯಾಂಡಿನ ಹೊರಗೆ. 13ರಿಂದ ಭಾಗಿಸಿದರೆ 23.08, ಇನ್ನೂ ದೂರ. ಯಾಕೆ ಹೀಗೆ? ಎಲ್ಲೆಗಳನ್ನು ಮೀಟರಿಗೆ ತಿರುಗಿಸಿ ನೋಡಿ. 13 ಮೀಟರ್ ಬ್ಯಾಂಡ್ ನಿಜಕ್ಕೂ 13.7ರಿಂದ 14ರವರೆಗಿದೆ, 16 ಎನ್ನುವುದು 16.7ರಿಂದ 17.2ರವರೆಗೆ. ರೂಢಿಯಲ್ಲಿ ಉಳಿದ ಹೆಸರುಗಳು ದಶಮಾಂಶವನ್ನು ಕೈಬಿಟ್ಟ ಹಾಗಿವೆ. 49ರಂಥ ದೊಡ್ಡ ಅಂಕಿಯಲ್ಲಿ ಮುಕ್ಕಾಲು ಮೀಟರ್ ಬಿಟ್ಟರೆ ಹೆಚ್ಚೇನೂ ಆಗುವುದಿಲ್ಲ, 13ರಲ್ಲಿ ಬಿಟ್ಟರೆ ಬ್ಯಾಂಡೇ ಕೈತಪ್ಪುತ್ತದೆ.

ಡಯಲ್ ಓದುವಾಗಿನ ತಪ್ಪೂ ಇದೇ ರೀತಿ ಬೆಳೆಯುತ್ತದೆ. 49.0ರ ಬದಲು 49.5 ಎಂದು ಓದಿದರೆ ಉತ್ತರ 62 ಕಿಲೋಹರ್ಟ್ಸ್ ತಪ್ಪುತ್ತದೆ. 19.0ರ ಬದಲು 19.5 ಎಂದು ಓದಿದರೆ 405! ಅದೇ ಅರ್ಧ ಮೀಟರ್. ಹ್ರಸ್ವ ತರಂಗದ ಕೇಂದ್ರವನ್ನು ಮೀಟರಿನಲ್ಲಿ ಹೇಳಿದರೆ ಹುಡುಕಲು ತಿಣುಕಬೇಕಾಗುವುದೂ, ಜಗತ್ತು ಕ್ರಮೇಣ ಕಿಲೋಹರ್ಟ್ಸ್‌ಗೆ ಹೊರಳಿದ್ದು ಒಳ್ಳೆಯದೇ ಆದದ್ದೂ ಈ ಕಾರಣಕ್ಕೆ.

ಹೆಜ್ಜೆ 6: ಮುಳ್ಳನ್ನು ನಂಬುವ ಮುಂಚೆ

ಹಳೆಯ ಸೆಟ್ಟುಗಳಲ್ಲಿ ಮುಳ್ಳು ಒಂದು ದಾರದ ಮೇಲೆ ಕೂತು ಓಡಾಡುತ್ತದೆ. ದಾರ ಸಡಿಲವಾದರೆ, ಜಾರಿದರೆ, ಮುಳ್ಳು ಹೇಳುವುದೇ ಬೇರೆ, ಸೆಟ್ಟು ಕೇಳಿಸುವುದೇ ಬೇರೆ. ಕಂಪನಾಂಕ ಖಚಿತವಾಗಿ ಗೊತ್ತಿರುವ ಒಂದು ಕೇಂದ್ರವನ್ನು ಹಾಕಿ, ಮುಳ್ಳು ಎಲ್ಲಿ ನಿಂತಿದೆ ನೋಡಿ. 612 ಕೇಳುತ್ತಿರುವಾಗ ಮುಳ್ಳು 490ರಲ್ಲಿರಬೇಕು. 480ರಲ್ಲಿದ್ದರೆ ಆ ಸುತ್ತಿನಲ್ಲಿ ಹತ್ತು ಮೀಟರ್ ಸೇರಿಸಿ ಓದಿ. ಆದರೆ ಅದೇ ಹತ್ತನ್ನು ಪಟ್ಟಿಯ ಆಚೆ ತುದಿಗೂ ಸೇರಿಸಬೇಡಿ. ಅಲ್ಲಿಗೆ ಇನ್ನೊಂದು ಗುರುತು ಬೇಕು. 1089 ಸಿಗುವ ಕಡೆಯಾದರೆ ಅದು 275ರ ಸುತ್ತ ಬರಬೇಕು.

ದಾರ ಸರಿಮಾಡಲು ಹಿಂದಿನ ಮುಚ್ಚಳ ತೆಗೆಯಬೇಕೆನಿಸಿದರೆ, ದಯವಿಟ್ಟು ಪ್ಲಗ್ ಕಿತ್ತಿಟ್ಟು ಕಾಯಿರಿ. ವಾಲ್ವ್ ಸೆಟ್ಟಿನೊಳಗೆ ನೂರಾರು ವೋಲ್ಟ್ ಇರುತ್ತದೆ, ಕೆಪಾಸಿಟರುಗಳು ಪ್ಲಗ್ ತೆಗೆದ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಕೆಲವು ಸೆಟ್ಟುಗಳ ಲೋಹದ ಚಾಸಿಯೇ ಕರೆಂಟಿಗೆ ನೇರ ತಗುಲಿಕೊಂಡಿರುತ್ತದೆ. ಬಲ್ಲವರ ಕೈಗೆ ಕೊಡುವುದೇ ಲೇಸು.

ಹೆಜ್ಜೆ 7: ಕಂಪನಾಂಕದಿಂದ ತಂತಿಯ ಅಳತೆಗೆ

ಮೀಟರ್ ಲೆಕ್ಕ ಪೂರ್ತಿ ಹಳತಾಯಿತೇ? ಇಲ್ಲ. ಆಂಟೆನಾ ಕಟ್ಟುವವರಿಗೆ ಅದು ಇಂದಿಗೂ ಬೇಕು, ಯಾಕೆಂದರೆ ತಂತಿಯನ್ನು ಕತ್ತರಿಸುವುದು ಹರ್ಟ್ಸ್‌ನಲ್ಲಲ್ಲ.

ಅರ್ಧ ಅಲೆಯ ಡೈಪೋಲಿಗೆ (ನಡುವೆ ಕತ್ತರಿಸಿ ಎರಡು ಸಮ ತೋಳು ಮಾಡಿದ ತಂತಿ ಆಂಟೆನಾ) ಗಾಳಿಯಲ್ಲಿನ ಲೆಕ್ಕ 150 ÷ ಮೆಗಾಹರ್ಟ್ಸ್. ತಂತಿಯ ತುದಿಗಳ ಪರಿಣಾಮದಿಂದ ಸುಮಾರು ಶೇಕಡಾ 5 ಕಡಿಮೆ ಬೇಕಾಗುವುದರಿಂದ ಹ್ಯಾಮ್ ಹವ್ಯಾಸಿಗಳು (ತಮ್ಮದೇ ರೇಡಿಯೊದಲ್ಲಿ ಪರಸ್ಪರ ಮಾತಾಡುವವರು) 143 ಬಳಸುತ್ತಾರೆ. ಅವರ 40 ಮೀಟರ್ ಬ್ಯಾಂಡಿನ 7.1 ಮೆಗಾಹರ್ಟ್ಸ್‌ಗೆ 143 ÷ 7.1 = 20.14 ಮೀಟರ್, ನಡುವೆ ಕತ್ತರಿಸಿದರೆ ಒಂದೊಂದು ಕಡೆ ಹತ್ತು ಮೀಟರ್ ಚಿಲ್ಲರೆ. ಮೊದಲು ಒಂದು ಗೇಣು ಹೆಚ್ಚೇ ಬಿಟ್ಟು ಕಟ್ಟಿ, ಅಳತೆ ನೋಡುತ್ತ ಕತ್ತರಿಸಿ. ಮನೆಯ ಎಫ್‌ಎಂ ಸೆಟ್ಟಿಗೂ ಇದು ಅನ್ವಯಿಸುತ್ತದೆ. ಕಾಲು ಅಲೆಗೆ 71.5 ÷ 100.6 = 0.71. ಮೈಸೂರು ಎಫ್‌ಎಂ ಕೇಳುವಾಗ ಕಡ್ಡಿ ಆಂಟೆನಾವನ್ನು ಪೂರ್ತಿ ಎಳೆಯುವ ಬದಲು ಸುಮಾರು 71 ಸೆಂಟಿಮೀಟರಿಗೆ ನಿಲ್ಲಿಸಿ ನೋಡಿ.

ಅಲೆ ಕೇಬಲ್ಲಿನೊಳಗೆ ಹೊಕ್ಕಾಗ 300 ಕೆಲಸ ಮಾಡುವುದಿಲ್ಲ. ಸಾಮಾನ್ಯ ಕೋಆಕ್ಸಿಯಲ್ ಕೇಬಲ್ಲುಗಳಲ್ಲಿ ಗಟ್ಟಿ ಪಾಲಿಥೀನ್ ತುಂಬಿದ್ದರೆ ವೇಗ ಬೆಳಕಿನ ವೇಗದ 0.66ರಷ್ಟು. 9870 ಕಿಲೋಹರ್ಟ್ಸ್‌ನ ಅಲೆ ಗಾಳಿಯಲ್ಲಿ 30.37 ಮೀಟರ್, ಆ ಕೇಬಲ್ಲಿನಲ್ಲಿ 20 ಮೀಟರ್. ಕಂಪನಾಂಕ ಮಾತ್ರ ಎರಡೂ ಕಡೆ ಒಂದೇ. ಉದ್ದ ದಾರಿಯನ್ನು ಅವಲಂಬಿಸಿದೆ, ಕಂಪನಾಂಕ ಹೊರಟ ಜಾಗದಲ್ಲೇ ನಿರ್ಧಾರವಾಗಿಬಿಟ್ಟಿರುತ್ತದೆ. ಕೇಂದ್ರಕ್ಕೆ ವಿಳಾಸ ಕೊಡಲು ಹರ್ಟ್ಸ್ ಯೋಗ್ಯವಾದುದು ಇದರಿಂದಲೂ ಹೌದು.

ಈ ಲೆಕ್ಕವನ್ನು ಕಣ್ಣಾರೆ ನೋಡಬೇಕೆಂದರೆ ಗೌರಿಬಿದನೂರಿನ ರೇಡಿಯೊ ದೂರದರ್ಶಕವನ್ನು ನೆನೆಯಬೇಕು. ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್ ಅಲೆಗಳನ್ನು ಹಿಡಿಯಲು 1970ರ ದಶಕದಲ್ಲಿ ಅಲ್ಲಿ ಒಂದು ಸಾವಿರ ಡೈಪೋಲುಗಳನ್ನು ಇಂಗ್ಲಿಷಿನ ‘ಟಿ’ ಆಕಾರದಲ್ಲಿ ನಿಲ್ಲಿಸಿದರು. 299.792 ÷ 34.5 = 8.69 ಮೀಟರ್. ಪೂರ್ವ–ಪಶ್ಚಿಮದ ತೋಳು 1.38 ಕಿಲೋಮೀಟರ್, ಅಂದರೆ ಆ ಅಲೆಗಳನ್ನು ಸಾಲಾಗಿ ಮಲಗಿಸಿದರೆ ಸುಮಾರು 159 ಹಿಡಿಸುವಷ್ಟು. ಆಕಾಶದ ಎಷ್ಟು ಸಣ್ಣ ವಿವರ ಕಾಣುತ್ತದೆ ಎಂಬುದನ್ನು ತೀರ್ಮಾನಿಸುವುದು ಈ 159ರಂಥ ಸಂಖ್ಯೆಯೇ.

ಅಜ್ಜನ 25.2

ಈಗ ನೋಟ್‌ಬುಕ್ಕಿಗೆ. ಡಯಲ್ ನೋಡಿ ಒಂದೇ ದಶಮಾಂಶಕ್ಕೆ ಬರೆದದ್ದು. ಅಜ್ಜನ ಕಣ್ಣು ಸರಿಯಾಗಿಯೇ ಓದಿತ್ತು ಎಂದುಕೊಂಡರೂ ನಿಜವಾದ ಅಂಕಿ 25.15ರಿಂದ 25.25ರ ನಡುವೆ ಎಲ್ಲಾದರೂ ಇರಬಹುದು. ತುದಿಗಳಲ್ಲಿ ಎರಡು ದಶಮಾಂಶ ಇರುವುದರಿಂದ, ಕಟ್ಟಳೆಯಂತೆ 299.792 ಹಿಡಿದು ಎರಡಕ್ಕೂ ಲೆಕ್ಕ ಹಾಕಿದೆ: 299.792 ÷ 25.15 = 11.920, 299.792 ÷ 25.25 = 11.873. ಈ ನಡುವೆ 5 ಕಿಲೋಹರ್ಟ್ಸ್‌ನ ಮನೆಗಳು 11875ರಿಂದ 11920ರವರೆಗೆ ಹತ್ತು. ಭಾಗಾಕಾರ ನನ್ನನ್ನು ಆ ಬೀದಿಯ ತನಕ ತಂದು ಬಿಟ್ಟಿತು.

ಉಳಿದದ್ದು ಅಜ್ಜನೇ ಬರೆದಿಟ್ಟಿದ್ದರು. ಬೆಳಿಗ್ಗೆ. ಹಿಂದಿ ಹಾಡು. ಸ್ಪಷ್ಟ. ದಕ್ಷಿಣದಲ್ಲಿ ಬೆಳಗಿನ ಹೊತ್ತು 25 ಮೀಟರ್ ಬ್ಯಾಂಡಿನಲ್ಲಿ ಹಳೆಯ ಹಿಂದಿ ಹಾಡು ಎಂದರೆ ರೇಡಿಯೊ ಕೇಳಿದವರ ಬಾಯಲ್ಲಿ ಬರುವ ಹೆಸರು ಒಂದೇ, ಸಿಲೋನ್. ಶ್ರೀಲಂಕಾದ ಆ ಹಿಂದಿ ಸೇವೆ ನಂತರದ ದಶಕಗಳಲ್ಲಿ ಕೇಳಿಬರುತ್ತಿದ್ದ ಕಂಪನಾಂಕ 11905. 299.792ನ್ನು 11.905ರಿಂದ ಭಾಗಿಸಿದೆ: 25.18. ಡಯಲಿನ ಮೇಲೆ ಅದನ್ನು ಯಾರೇ ಓದಿದರೂ 25.2 ಎಂದೇ ಬರೆಯುತ್ತಾರೆ. ಪೆನ್ಸಿಲ್ ತೆಗೆದು, ಅಜ್ಜನ ಸಾಲಿನ ಪಕ್ಕ ಆ ಐದು ಅಂಕಿಗಳನ್ನು ಬರೆದೆ.